ಸಾಹೇಬರ ಹತ್ತು ಬೆರಳು, ಗಂಗಾರಾಮ ಮಾಸ್ತರರ ದಾರ

ನಾಲ್ಕು ಮೊಳ ದಾರದ ತುದಿಗಳಿಗೆ ಗಂಟು ಹಾಕಿ, ಅದನ್ನು ಹತ್ತು ಬೆರಳಿಗೆ ಸಿಕ್ಕಿಸಿ ತೊಟ್ಟಿಲು, ಜರಡಿ, ನಕ್ಷತ್ರ ಮೂಡಿಸುವ ಆಟಕ್ಕೂ ವಿದ್ಯೆಯ ಮರ್ಯಾದೆ ಸಲ್ಲಬೇಕೆಂದು ನಮ್ಮ ಸೀಮೆಗೆ ತೋರಿಸಿಕೊಟ್ಟವರು, ಬನಹಟ್ಟಿಯ ನೇಕಾರ ಓಣಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ಗಂಗಾರಾಮ ಮಾಸ್ತರರು. ಹಿಮದ ನಾಡಿನವರು ಇದೇ ದಾರದಲ್ಲಿ ಕರಡಿ ಕಟ್ಟುತ್ತಾರೆ, ಕಡಲ ನಡುವಿನ ದ್ವೀಪದವರು ದೋಣಿ ಕಟ್ಟುತ್ತಾರೆ ಎಂದು ಎಲ್ಲಿಯದೋ ಪುಸ್ತಕದಲ್ಲಿ ಓದಿದ ದಿನ ಅವರಿಗೆ ಊಟ ರುಚಿಸಲಿಲ್ಲವಂತೆ. ನಮ್ಮವರು ಕಟ್ಟುವುದನ್ನು ಯಾರೂ ಬರೆದಿಟ್ಟಿಲ್ಲವಲ್ಲ ಎಂಬ ಸಂಕಟ! ಅಂದೇ ಒಂದು ನೋಟುಬುಕ್ಕು ಕೊಂಡು, ಮಗ್ಗದ ಮನೆಗಳ ಹೆಣ್ಣುಮಕ್ಕಳ ಮುಂದೆ ಕೂತು ಬರೆಯತೊಡಗಿದರು. ಲೆಕ್ಕಕ್ಕೆ ಹೆದರಿ ಶಾಲೆ ತಪ್ಪಿಸುತ್ತಿದ್ದ ಮಕ್ಕಳನ್ನೂ ದಾರ ತೋರಿಸಿಯೇ ಕರೆತಂದರು.

೧೯೬೮ರಲ್ಲಿ ಯಾರೋ ಪುಣ್ಯಾತ್ಮರು, ಮಾಸ್ತರರು ಪಾಠ ಬಿಟ್ಟು ದಾರ ಆಡಿಸುತ್ತಾರೆಂದು ಅರ್ಜಿ ಹಾಕಿದರು. ತಪಾಸಣೆಗೆ ಬಂದ ಸಾಹೇಬರ ಚೀಲದಲ್ಲಿ ಮಾಸ್ತರರನ್ನು ದೂರದೂರಿಗೆ ವರ್ಗ ಮಾಡುವ ಆದೇಶ ಸಿದ್ಧವಾಗಿತ್ತು, ಸಹಿಯೊಂದೇ ಬಾಕಿ. ಸಹಿ ಬಿದ್ದರೆ ನೋಟುಬುಕ್ಕು ಅರ್ಧಕ್ಕೇ ನಿಂತಂತೆ.

"ಏನದು ಆಟ, ತೋರಸ್ರಿ ನೋಡೂಣು," ಎಂದು ಸಾಹೇಬರು ಕೈ ಚಾಚಿದರು. ಮಾಸ್ತರರು ಆ ಕೈಗಳ ಮೇಲೆ ತೊಟ್ಟಿಲು ಕಟ್ಟಿದರು. ಸಾಹೇಬರು ಜಗ್ಗಿದರು ನೋಡಿ, ದಾರ ಹರಿಯಿತು! ಹರಿದದ್ದೇ ತಡ, ಕಸ ಗುಡಿಸುತ್ತಿದ್ದ ತಾಯವ್ವ ಓಡಿ ಬಂದು, ಒಂದು ತುದಿಯನ್ನು ಸಾಹೇಬರ ಎರಡೂ ಹೆಬ್ಬೆರಳ ಸುತ್ತ ತಂದು ಇನ್ನೊಂದು ತುದಿಗೆ ಗಂಟು ಹಾಕಿಯೇಬಿಟ್ಟಳು. ಅವಳದೇನು ತಪ್ಪು? ನೇಕಾರ ಓಣಿಯಲ್ಲಿ ಹರಿದ ಎಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಸಾಹೇಬರ ಹತ್ತೂ ಬೆರಳು ಒಳಗೆ ಸಿಕ್ಕಿಬಿದ್ದವು.

"ಕತ್ತರಿ ತರ್ರಿ!" ಸಾಹೇಬರು ಕೂಗಿದರು.

"ಬ್ಯಾಡ್ರೀ ಯಪ್ಪಾ, ನೂಲು ಛಲೋ ಐತ್ರಿ!" ಎಂದಳು ತಾಯವ್ವ.

"ಮತ್ತ ನನ್ನ ಕೈ?"

"ಕೈಗೇನಾಗೇತ್ರಿ? ಹತ್ತೂ ಬೆರಳು ಅದಾವಲ್ರಿ."

ಕತ್ತರಿ ಯಾರೂ ತರಲಿಲ್ಲ. ಸಹಿ ಮಾಡಲು ಕೈ ಬಿಡುವಿಲ್ಲದ ಸಾಹೇಬರೆದುರು ಮಾಸ್ತರರು ಮಂಡಿಯೂರಿ ಕೂತು ಒಂದೊಂದೇ ಎಳೆ ಜಾರಿಸತೊಡಗಿದರು. "ಕಿರುಬೆರಳು ಬಿಡ್ರಿ... ಹೆಬ್ಬೆರಳು ಒಳಗ ತಗೋರಿ... ಹಾಂ, ಭಾಳ ಛಲೋ ಆತು." ಸಾಹೇಬರ ಬೈಗುಳ ಕಡಿಮೆಯಾಗುತ್ತ ಬಂತು. ಕೊನೆಯ ಸಿಕ್ಕು ಬಿಡಿಸುವಷ್ಟರಲ್ಲಿ ಸಾಹೇಬರ ಬೆರಳುಗಳು ತಾವಾಗಿಯೇ ತಿರುಗಿ, ಮಾಸ್ತರರು ಎಂದೂ ಕಾಣದ ಚಿತ್ರವೊಂದನ್ನು ಕಟ್ಟಿ ನಿಂತವು. ಸಾಹೇಬರೇ ಬೆರಗಾದರು.

"ಇದು ನಮ್ಮವ್ವ ಸುಂದರವ್ವ ಮಾಡ್ತಿದ್ಲು," ಎಂದರು ಮೆಲ್ಲಗೆ. "ಆಕಿ ಹೋಗಿ ಇಪ್ಪತ್ತು ವರ್ಷಾತು. ನಿಮ್ಮ ಪುಸ್ತಕದಾಗ ಐತೇನ್ರಿ?"

"ಇಲ್ರಿ."

"ಬರಕೋರಿ. ನಾ ಕೈ ಅಲುಗಸೂದಿಲ್ಲ."

ಬರೆದು ಮುಗಿಯುವವರೆಗೆ ಸಾಹೇಬರು ದಾರ ಹಿಡಿದೇ ಕೂತರು. ಅವರು ಹಿಡಿಯಬೇಕಿದ್ದ ಜಮಖಂಡಿಯ ಬಸ್ಸೂ ಹೋಯಿತು. ಆದೇಶ ಸಹಿಯಿಲ್ಲದೆ ಚೀಲ ಸೇರಿತು.

ಆಮೇಲೆ ಮುಧೋಳ, ಬೀಳಗಿಗಳನ್ನೂ ಸುತ್ತಿದ ಮಾಸ್ತರರ ಬಳಿ ಇಂದು ಇನ್ನೂರ ಹನ್ನೊಂದು ಚಿತ್ರಗಳಿವೆ. ಒಂದೊಂದರ ಕೆಳಗೂ ಅದನ್ನು ಕಲಿಸಿದ ತಾಯಿಯ ಹೆಸರಿದೆ. ಹೆಸರು ಬರೆಸಿಕೊಳ್ಳದ ತಾಯಂದಿರು ಈ ಸೀಮೆಯಲ್ಲಿ ಇನ್ನೂ ಬಹಳ ಇದ್ದಾರೆ. ಅವರೆಲ್ಲರನ್ನೂ ಬರೆದು ಮುಗಿಸುವಷ್ಟು ಆಯುಷ್ಯ ನಮ್ಮ ಮಾಸ್ತರರಿಗೆ ದೊರೆಯಲಿ.