ತುಳಸಿ ಕುಂಡದಡಿಯ ಬೀಗದಕೈ

ಇವತ್ತು ಎದುರುಮನೆಯ ಹುಡುಗಿ ಹೂಕುಂಡದಡಿ ಬೀಗದಕೈ ಇಟ್ಟು ಹೊರಟಳು. ನಾನು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತೆ.

ಆಗ ಮಹಾರಾಜರ ಕಾಲ, ನಾನಿನ್ನೂ ಚಿಕ್ಕವಳು. ಮಧುಗಿರಿಯ ಟೆಂಟ್ ಸಿನಿಮಾದಲ್ಲಿ ಕಳ್ಳರ ಇಂಗ್ಲಿಷ್ ಚಿತ್ರ. ಮಾತು ಅರ್ಥವಾಗದಿದ್ದರೂ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಷ್ಟರಲ್ಲಿ ಪೆದ್ದ ಕಳ್ಳನೊಬ್ಬ ಬಾಗಿಲ ಪಕ್ಕದ ಕುಂಡವೆತ್ತಿ ಬೀಗದಕೈ ತೆಗೆದ. ಹೆಂಗಸರ ಕಡೆ ನಗು ಥಟ್ಟನೆ ನಿಂತಿತು.

ದೀಪ ಹಚ್ಚಿದ ಮೇಲೆ ತುಳಸಿಯನ್ನು ಯಾರೂ ಮುಟ್ಟುವುದಿಲ್ಲವೆಂದು ಅಜ್ಜಿ ಅದರ ಕುಂಡದಡಿಯೇ ಬೀಗದಕೈ ಬಚ್ಚಿಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವಳು ನನ್ನ ಕೈ ಹಿಡಿದೆಳೆದಳು.

"ನಮ್ ಜಾಗ ಇವನಿಗೆ ಹೆಂಗೆ ಗೊತ್ತಾಯ್ತೇ? ಏಳು!"

ಮನೆಗೆ ಓಡಿ ಕುಂಡ ಎತ್ತಿದೆವು. ಬೀಗದಕೈ ಇತ್ತು. ತಲೆಯೆತ್ತಿದರೆ, ಬೀದಿಯುದ್ದಕ್ಕೂ ಹೆಂಗಸರು ತಂತಮ್ಮ ತುಳಸಿ ಕುಂಡ ಎತ್ತಿ ನಿಂತಿದ್ದರು. ಒಬ್ಬರನ್ನೊಬ್ಬರು ನೋಡುತ್ತಲೇ ಎಲ್ಲರ ಮುಖ ಬಿಳಿಚಿತು.

"ಈಗ ಎಲ್ರಿಗೂ ಗೊತ್ತಾಗೋಯ್ತು ಕಣಮ್ಮ," ಅಜ್ಜಿ ಪಿಸುಗುಟ್ಟಿದಳು.

ಎದುರುಮನೆಯ ಹುಡುಗಿ ಇನ್ನೂ ಬಂದಿಲ್ಲ. ನಾನು ಕಿಟಕಿ ಬಿಟ್ಟು ಎದ್ದಿಲ್ಲ.