ಹೆಂಡತಿಗೆ ಹೇಳಿದ ಹಿಂದಿ ಕಥೆ

ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವನು ನಾನು. ಜೊತೆಯಲ್ಲಿ ಬಿಹಾರದ ಕೆಲಸಗಾರರಿದ್ದರು. ದಾರಿಯಲ್ಲಿ ಸಿಕ್ಕಾಗ ಅವರೊಡನೆ ನಾನು ನಾಲ್ಕು ಮಾತಾಡುವುದನ್ನು ಕೇಳಿ, ನನಗೆ ಹಿಂದಿ ಚೆನ್ನಾಗಿ ಬರುತ್ತದೆಂದು ನನ್ನ ಹೆಂಡತಿ ನಂಬಿದ್ದಳು. ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ.

ನಿವೃತ್ತನಾದ ಮೇಲೆ ಮಾಕಳಿಯ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಒಂದು ಹಿಂದಿ ಧಾರಾವಾಹಿ ನೋಡುತ್ತಿದ್ದೆವು. ರೈಲು ನಿಲ್ದಾಣದಲ್ಲಿ ಬಾಂಬ್ ಇಡಲು ಹೊರಟವರನ್ನು ಪೊಲೀಸರು ತಡೆಯುವ ಕಥೆ. ಅವಳು ಅವರೆಕಾಯಿ ಸುಲಿಯುತ್ತ "ಏನಂತ್ರೀ?" ಎನ್ನುವಳು. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ, ತೋಚಿದ್ದನ್ನು ಹೇಳುತ್ತಿದ್ದೆ. ಅದರಲ್ಲೊಬ್ಬ ಗಡ್ಡದ ಎಲೆಕ್ಟ್ರಿಷಿಯನ್ ಕದ್ದುಮುಚ್ಚಿ ಫೋನ್ ಮಾಡುತ್ತಿದ್ದ. "ಬಾಂಬ್ ಕಟ್ಟೋನು ಇವ್ನೇ ಕಣೆ" ಎಂದುಬಿಟ್ಟೆ.

ನಮ್ಮ ಬೀದಿಯಲ್ಲೂ ಒಬ್ಬ ಗಡ್ಡದ ಎಲೆಕ್ಟ್ರಿಷಿಯನ್ ಇದ್ದ. ಮೋಟರು, ಮಿಕ್ಸಿ, ಏನು ಕೆಟ್ಟರೂ ಅವನೇ. ಕಥೆ ಕೇಳಿದಾಗಿನಿಂದ ಅವನ ಚೀಲ ಕಂಡರೆ ಅವಳಿಗೆ ಭಯ. ಮೋಟರು ನೋಡಲು ಬಂದವನನ್ನು ಒಂದು ದಿನ ಗೇಟಿನಲ್ಲೇ ನಿಲ್ಲಿಸಿದಳು.

"ಇವತ್ತು ಬ್ಯಾಡಪ್ಪ."

"ಟ್ಯಾಂಕು ಖಾಲಿ ಅಂದ್ರಲ್ಲಮ್ಮ?"

"ಬ್ಯಾಡ ಅಂದ್ನಲ್ಲ."

ಒಳಗೆ ಕೂತು ನಾನು ಎಲ್ಲ ಕೇಳಿಸಿಕೊಂಡೆ. ಆಮೇಲೆ ಬೇರೆಯವನನ್ನು ಕರೆಸಿದೆವು.

ಕೊನೆಯ ಕಂತಿನಲ್ಲಿ ಧಾರಾವಾಹಿಯ ಎಲೆಕ್ಟ್ರಿಷಿಯನ್ ಸತ್ತ. ಅವನ ಶವಕ್ಕೆ ಬಾವುಟ ಹೊದಿಸಿ ಪೊಲೀಸರು ಸೆಲ್ಯೂಟ್ ಹೊಡೆದರು.

"ಬಾಂಬ್ ಕಟ್ಟೋನ್ಗೆ ಯಾಕ್ರೀ ಸೆಲ್ಯೂಟು?"

ಅವನು ಮೊದಲಿನಿಂದಲೂ ಪೊಲೀಸರಿಗೆ ಸುಳಿವು ಕೊಡುತ್ತಿದ್ದವನೆಂದು ನನಗೂ ಆಗಲೇ ಹೊಳೆದದ್ದು. ಹಾಗೆಂದೆ. ನನಗೆ ಹಿಂದಿ ಬಾರದೆಂಬುದನ್ನೂ ಹೇಳಿದೆ.

"ಬರಲ್ಲ ಅಂದಿದ್ರೆ ನಾನೇನು ನಿಮ್ಮನ್ನ ಬಿಟ್ಟೋಯ್ತಿದ್ನಾ?" ಎಂದು ಟಿವಿ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಂಗಡಿಗೆ ಹೊರಟಳು. ನಾನೂ ಹಿಂದೆ ಹೋದೆ.

"ತಪ್ಪಾಯ್ತು ಕಣಪ್ಪ. ಅವತ್ತು ಗೇಟಲ್ಲೇ ನಿಲ್ಲಿಸ್ಬಿಟ್ಟೆ. ಮನೆ ಕಡೆ ಬಾ."

ಬಿಚ್ಚಿಟ್ಟ ಫ್ಯಾನಿನಿಂದ ತಲೆಯೆತ್ತಿ ಅವನು ನನ್ನ ಕಡೆ ನೋಡಿದ. "ನಾನೇನ್ ತಪ್ಪು ಮಾಡಿದ್ದೆ ಯಜಮಾನ್ರೇ? ಅದೊಂದ್ ಹೇಳಿ, ಸಾಕು."

ಉತ್ತರ ನನ್ನೊಬ್ಬನ ಬಾಯಲ್ಲಿ ಬರಬೇಕಿತ್ತು. ಹೆಂಡತಿಯೂ ಅದಕ್ಕೇ ಕಾದು ನಿಂತಿದ್ದಳು.

"ಏನಿಲ್ಲಪ್ಪ, ಅವತ್ತು ಇವಳಿಗೆ ಮೈ ಸರಿ ಇರ್ಲಿಲ್ಲ" ಎಂದೆ.

ಅವಳು ಅಲ್ಲಗಳೆಯಲಿಲ್ಲ. ನನ್ನನ್ನು ಬಿಟ್ಟು ಮುಂದೆ ಮುಂದೆ ಮನೆಗೆ ನಡೆದಳು.

ಈಗಲೂ ಕರೆದರೆ ಅವನು ಬರುತ್ತಾನೆ. ಗೇಟು ತೆರೆದೇ ಇದ್ದರೂ ಹೊರಗೆ ನಿಂತು, "ಒಳಗೆ ಬರ್ಲಾ?" ಎಂದು ಕೇಳುತ್ತಾನೆ. ಮೊದಲು ಹಾಗೆ ಕೇಳುತ್ತಿರಲಿಲ್ಲ.