ಗುಲ್ಮಾರ್ಗದ ಹಿಮದಲ್ಲಿ ಕೇಳಿದ ಉಧೋ

ಹುಲಿಗೆಮ್ಮ ತಾಯಿಯನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಗಂಗಾವತಿಯ ಶಾರದಾ ಮಾಡುವ ಶರಣು. ನಮ್ಮ ಯಜಮಾನರು ಕಾಶ್ಮೀರದ ಗುಲ್ಮಾರ್ಗದಲ್ಲಿ ಹಿಮದೊಳಗೆ ಕಾಣೆಯಾಗಿದ್ದರು. ಬಿಸಿಲೂರಿನ ಗಂಡಸು ಹಿಮದಲ್ಲಿ ಹೋಗಿ ಸಿಕ್ಕಿಕೊಂಡನೇ ಎಂದು ನಗಬೇಡಿ. ಆ ಮಧ್ಯಾಹ್ನ ನಾನು ತಾಳಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದೆ. ತಾಯಿ ಅವರನ್ನು ಹೇಗೆ ತಿರುಗಿ ಕೊಟ್ಟಳು ಎಂಬುದನ್ನು ನಡೆದಂತೆಯೇ ಬರೆಯುತ್ತೇನೆ. ಒಂದೆರಡು ಸಂಗತಿಗಳಿಗೆ ನನ್ನಲ್ಲಿ ಉತ್ತರವಿಲ್ಲ. ಅವನ್ನೂ ಬಿಡದೆ ಹೇಳುತ್ತೇನೆ.

ಯಜಮಾನರದು ಭತ್ತ ಕೊಯ್ಯುವ ಯಂತ್ರ. ನಮ್ಮ ಕಾಲುವೆ ಸೀಮೆಯ ಕೆಸರುಗದ್ದೆಗೆ ಗಾಲಿಯ ಯಂತ್ರ ಇಳಿಸಿದರೆ ಹೂತು ಕೂರುತ್ತದೆ. ಅದಕ್ಕೇ ಗಾಲಿಯ ಬದಲು ರಬ್ಬರಿನ ಅಗಲ ಪಟ್ಟಾ ಇರುವ ಯಂತ್ರ ಇಟ್ಟುಕೊಂಡಿದ್ದಾರೆ. ಇಲ್ಲೆಲ್ಲ ಚೈನ್ ಮಷಿನ್ ಎನ್ನುತ್ತೇವೆ. ಇಂಥ ಮನುಷ್ಯ ಒಂದು ದಿನ ಮೊಬೈಲಿನಲ್ಲಿ ಸ್ನೋ ಸ್ಕೂಟರ್ ನೋಡಿಬಿಟ್ಟರು. ಮುಂದೆ ಎರಡು ಜಾರುವ ಪಟ್ಟಿ, ಹಿಂದೆ ಅದೇ ರಬ್ಬರಿನ ಚೈನು, ಮೇಲೆ ಬೈಕಿನಂಥ ಸೀಟು.

"ಇದು ನಮ್ಮ ಮಷಿನ್ ತಮ್ಮನ ಐತಿ ನೋಡ!" ಎಂದು ನನಗೆ ತೋರಿಸಿದ್ದೇ ತೋರಿಸಿದ್ದು.

ಅಲ್ಲಿಂದ ಊಟಕ್ಕೆ ಕೂತಾಗಲೆಲ್ಲ ಅದೇ ಪುರಾಣ. ಸೋಲಂಗ್ ಛಲೋ ಐತಿ, ಆದರ ಮಂದಿ ಭಾಳ. ರೋಹ್ತಾಂಗಿಗೆ ಚಳಿಗಾಲದಾಗ ಹಾದಿನ ಬಂದ್. ಅಲಾಸ್ಕಾಕ್ಕಿಂತ ಮಿಗಿಲಾದ ಜಾಗ ಇಲ್ಲ, ಆದರ ಹೋಗೋದು ಹೆಂಗ? ನಮ್ಮಂಥೋರಿಗೆ ಗುಲ್ಮಾರ್ಗನ ಸೈ, ಬಯಲು ಬಿಟ್ಟು ಗುಡ್ಡದ ಬೆನ್ನಿಗೆ ಹೋದರ ಯಾರೂ ತುಳೀದ ಬರ್ಫ್ ಐತಿ ಅಂತ. ನಾನು ಹೇಳುತ್ತಿದ್ದೆ, "ಐಸ್ಕ್ರೀಮ್ ತಿಂದರ ನಿಮಗ ನೆಗಡಿ ಹಿಡೀತೈತಿ. ಅಲ್ಲಿ ಹೋಗಿ ಏನ್ ಮಾಡ್ತೀರಿ?" ಕಿವಿಗೆ ಹಾಕಿಕೊಂಡರೆ ತಾನೇ.

ಹುಣ್ಣಿಮೆಗೊಮ್ಮೆ ಹುಲಿಗಿಗೆ ಹೋಗುವ ನಮ್ಮ ಹೆಂಗಸರ ತಂಡವೊಂದಿದೆ. ಕೊರೋನಾ ಕಳೆದ ಮೇಲಿನ ಒಂದು ಚಳಿಗಾಲ, ಬೇಸಿಗೆ ಬೆಳೆಯ ನಾಟಿ ಮುಗಿದಿತ್ತು, ವೈಷ್ಣೋದೇವಿಗೆ ಹೋಗಿಬರೋಣವೆಂದು ನಿಶ್ಚಯಿಸಿದೆವು. ಯಜಮಾನರು ಬರುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ಟೂರಿನವನು ಗುಲ್ಮಾರ್ಗವನ್ನೂ ಸೇರಿಸಿದ ಮೇಲೆ ಎಲ್ಲರಿಗಿಂತ ಮುಂಚೆ ಚೀಲ ಕಟ್ಟಿದವರು ಇವರೇ! ಅತ್ತೆಯವರು ಮಂಡಿ ನೋವೆಂದು ಮನೆಯಲ್ಲೇ ಉಳಿದರು. ಹೊರಡುವಾಗ ನನ್ನ ಸೆರಗಿನ ತುದಿಯಲ್ಲಿ ತಾಯಿಯ ಭಂಡಾರದ ಅರಿಶಿನ ಒಂದು ಚಿಟಿಕೆ ಕಟ್ಟಿದರು.

ದೇವಿಯ ದರ್ಶನ ಚೆನ್ನಾಗಿ ಆಯಿತು. ಗುಲ್ಮಾರ್ಗ ಮುಟ್ಟಿದಾಗ ನನಗೆ ಮೊದಲು ತಾಗಿದ್ದು ಚಳಿಯಲ್ಲ, ಅಲ್ಲಿನ ನಿಶ್ಶಬ್ದ. ನನ್ನ ತವರು ತಾವರಗೇರಾದ ಕಡೆ. ನಮ್ಮ ಬಯಲಿನಲ್ಲಿ ಏನೂ ಇಲ್ಲದಿದ್ದರೂ ಗಾಳಿಯಾದರೂ ಸುಯ್ಯೆನ್ನುತ್ತದೆ. ಅಲ್ಲಿ ನಾವು ಆಡಿದ ಮಾತು ಬಾಯಿಂದ ಹೊರಗೆ ಬಿದ್ದ ಕೂಡಲೇ ಹಿಮದಲ್ಲಿ ಇಂಗಿಹೋಗುತ್ತಿತ್ತು. ಹಕ್ಕಿಯೂ ಇಲ್ಲ. ನೆಲ ಬಿಳಿ, ಆಕಾಶ ಬಿಳಿ, ನಡುವೆ ಗುಡ್ಡದ ಮೇಲೆ ಕಪ್ಪಗೆ ನಿಂತ ಮರಗಳು. ಯಾರೋ ನಮ್ಮನ್ನು ಸುಮ್ಮನೆ ನೋಡುತ್ತ ನಿಂತಂತೆ ಅನ್ನಿಸಿ ನನಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ನಾವು ಬಾಡಿಗೆಯ ಕೋಟು, ಗಂಬೂಟು ಏರಿಸಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾಗ, ಇವರು ಬಷೀರ್ ಎಂಬ ಸ್ಕೂಟರಿನವನ ಜೊತೆ ಮಾತಾಡಿ ಮುಗಿಸಿದ್ದರು. ಬಷೀರ್ ಒಂದು ಸ್ಕೂಟರಿನಲ್ಲಿ ಮುಂದೆ, ಇವರು ಇನ್ನೊಂದರಲ್ಲಿ ಹಿಂದೆ, ಗುಡ್ಡದ ಬೆನ್ನಿಗೆ ಹೋಗಿ ಬರುವುದು. ಬಯಲಿನಲ್ಲಿ ಇವರು ಓಡಿಸಿದ್ದನ್ನು ನೋಡಿ ಅವನೇ ತಲೆದೂಗಿದ್ದ. ಕೆಸರಿನಲ್ಲಿ ಪಳಗಿದ ಕೈ, ಸುಳ್ಳಲ್ಲ. ಎರಡೂ ಸ್ಕೂಟರು ಮರಗಳ ಸಂದಿಯಲ್ಲಿ ಹೋದವು. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿಂದ ಮೋಡವೊಂದು ಇಳಿಯಿತು. ಇಳಿಯಿತು ಎಂದರೆ, ಹಾಸಿಗೆಯ ಮೇಲೆ ದುಪ್ಪಟಿ ಎಳೆದಂತೆ ಎಳೆದುಕೊಂಡು ಬಂತು.

ಬಷೀರ್ ಒಬ್ಬನೇ ತಿರುಗಿ ಬಂದ.

ಮೋಡ ಮುಚ್ಚಿದಾಗ ಹಿಂದಿನ ಸ್ಕೂಟರಿನ ಸದ್ದು ನಿಂತಿತಂತೆ. ಇವನು ಹುಡುಕಿಕೊಂಡು ಹೋದಾಗ ಯಂತ್ರ ಹಿಮದಲ್ಲಿ ಹೂತು ನಿಂತಿತ್ತು, ಮೇಲೆ ಮನುಷ್ಯ ಇರಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ಗದ್ದೆಯಲ್ಲಿ ಚೈನ್ ಹೂತರೆ ಇವರು ಥಟ್ಟನೆ ಇಳಿದು, ಸುತ್ತ ಓಡಾಡಿ, ಗಟ್ಟಿ ನೆಲ ಯಾವ ಕಡೆಗಿದೆ ಎಂದು ಕಾಲಿನಿಂದ ತಡವಿ ನೋಡುತ್ತಾರೆ. ಇಲ್ಲೂ ಅದನ್ನೇ ಮಾಡಿದ್ದಾರೆ. ಗದ್ದೆಯಲ್ಲಾದರೆ ಹಿಂತಿರುಗಿದರೆ ಯಂತ್ರ ಕಾಣುತ್ತದೆ. ಅಲ್ಲಿ ಚಾಚಿದ ಕೈಯೇ ಕಾಣುತ್ತಿರಲಿಲ್ಲ.

"ಹೆಸರೇನು ಅವರದು? ಕೂಗಿ ಕರೆಯಬೇಕು," ಎಂದ ಬಷೀರ್.

ನಾನು ಗಂಡನ ಹೆಸರು ಹಿಡಿದವಳಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ನಾಲಿಗೆಯ ಮೇಲೆ ಬಂದಿಲ್ಲ. ಆವತ್ತು ಒಡಪೂ ಇಲ್ಲದೆ ಬರಿದೇ "ಬಸವರಾಜ" ಎಂದು ಪರಸ್ಥಳದವನ ಕೈಗೆ ಕೊಟ್ಟೆ.

ಸ್ಕೂಟರಿನವರೆಲ್ಲ ಸೇರಿ ಮೋಡದೊಳಗೆ ಹೋದರು. ಸ್ವಲ್ಪ ದೂರ ಹೋಗುವುದು, ಎಂಜಿನ್ ನಿಲ್ಲಿಸುವುದು, "ಬಸವರಾಜ್!" ಎಂದು ಕೂಗುವುದು, ಕಿವಿಗೊಟ್ಟು ನಿಲ್ಲುವುದು. ನಾವು ಕೆಳಗಿನ ಬಯಲಲ್ಲಿ ನಿಂತು ಕೇಳುತ್ತಿದ್ದೆವು. ಕೂಗಿದ್ದು ಒಬ್ಬ, ಆದರೆ ಆ ಹೆಸರು ಎಡಗಡೆಯಿಂದ ಬಂತು, ಬಲಗಡೆಯಿಂದ ಬಂತು, ಕೊನೆಗೆ ನಮ್ಮ ಬೆನ್ನ ಹಿಂದಿನಿಂದಲೂ ಬಂತು. ಕೂಗಿದವರು ಸುಮ್ಮನಾದ ಮೇಲೂ ಒಂದು ಸಲ ಬಂತು. ನನ್ನ ಪಕ್ಕದಲ್ಲಿದ್ದವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆ ದನಿಗಳಲ್ಲಿ ಯಾವುದು ಮನುಷ್ಯರದು ಎಂದು ನಮಗೆ ಹೇಳಲು ಬರುತ್ತಿರಲಿಲ್ಲ.

ಉತ್ತರ ಮಾತ್ರ ಬರಲಿಲ್ಲ. ಬಷೀರ್ ಇಳಿದು ಬಂದು ನನ್ನ ಮುಖ ನೋಡದೆ ಟೂರಿನವನಿಗೆ ಹೇಳಿದ, "ಎಚ್ಚರವಿದ್ದಿದ್ದರೆ ಇಷ್ಟು ಹೊತ್ತಿಗೆ ಓ ಎನ್ನಬೇಕಿತ್ತು. ಬೆಳಕು ಇಳಿಯುತ್ತಿದೆ. ಕತ್ತಲಾದರೆ ಈ ಚಳಿಯಲ್ಲಿ..." ಗಂಗಾವತಿಯ ಸಂತೆಯಲ್ಲಿ ಕಲಿತ ಉರ್ದು ನನಗೆ ಅಷ್ಟು ಅರ್ಥವಾಗಲು ಸಾಕಾಗಿತ್ತು. ನಾನು ತಾಳಿ ಹಿಡಿದು ಹಿಮದ ಮೇಲೆ ಕೂತೆ. ಅಳು ಬರಲಿಲ್ಲ. ತಾಯೀ, ನಿನ್ನ ಇನ್ನೊಂದು ರೂಪ ನೋಡಲು ಬಂದೆ, ಅದಕ್ಕೆ ಮುನಿಸಾ? ಎಂದು ಜಗಳವನ್ನೇ ತೆಗೆದೆ. ಕೈ ತನ್ನಷ್ಟಕ್ಕೆ ಸೆರಗಿನ ಗಂಟಿಗೆ ಹೋಯಿತು. ಅತ್ತೆಗೆ ಹೇಳಬೇಕು ಅನ್ನಿಸಿತು. ಮಗನ ಸುದ್ದಿ ಹೆತ್ತವಳಿಗೆ ಮುಚ್ಚಿಡಲಾದೀತೇ?

ಹೊರ ರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ, ಜಮ್ಮು ಸೇರಿದಾಗಿನಿಂದ ನಮ್ಮ ಫೋನುಗಳೆಲ್ಲ ಸತ್ತಿದ್ದವು. ಟೂರಿನವನ ಫೋನೊಂದೇ ಜೀವಂತ. ಅವನು ಹಚ್ಚಿ ಕೊಟ್ಟ. ನಾನು ಬಿಕ್ಕುತ್ತ ಎಲ್ಲ ಹೇಳಿದೆ. ಅತ್ತೆ ಅಳಲಿಲ್ಲ.

"ಶಾರದಿ, ಅವನ್ನ ಹೆಂಗ ಕರೀಲಿಕ್ಕತ್ತೀರಿ?"

"ಹೆಸರ ಹಿಡದ ಕರೀಲಿಕ್ಕತ್ತ್ಯಾರ ಅತ್ತಿ. ಎಲ್ಲಾರೂ ಕೂಡಿ."

"ಅಯ್ಯ ನನ ಮಗಳ! ಅವ ಸತ್ತರೂ ಓ ಅನ್ನೂದಿಲ್ಲ. ನಾನ ಕಲಿಸೇನಿ."

ಆಗ ಹೇಳಿದರು. ಸಾಣಾಪುರದ ಕಡೆ ನಮ್ಮ ಗದ್ದೆ ಬಂಡೆಗುಡ್ಡಗಳ ನಡುವೆ ಇದೆ. ಇವರು ಸಣ್ಣವರಿದ್ದಾಗ ಹೊತ್ತು ಮುಳುಗುವ ವೇಳೆಗೆ ನೀರು ತಿರುವಲು ಒಬ್ಬರೇ ಹೋಗುತ್ತಿದ್ದರು. ಬಂಡೆಗಳ ಒಳಗಿನಿಂದ ಹೆಸರು ಹಿಡಿದು ಯಾರೋ ಕರೆಯುತ್ತಾರೆ, ಓಗೊಟ್ಟು ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ಆ ಸೀಮೆಯಲ್ಲಿದೆ. ಅದಕ್ಕೇ ಅತ್ತೆ ಮಗನಿಗೆ ಪಾಠ ಹೇಳಿದ್ದರು: ಮಂದಿ ಇಲ್ಲದ ಜಾಗದಲ್ಲಿ ಹೆಸರು ಹಿಡಿದು ಕರೆದರೆ ಓ ಅನ್ನಬೇಡ, ಕರೆಯುವವನು ಮನುಷ್ಯನಾಗಿದ್ದರೆ ಎದುರಿಗೆ ಬರುತ್ತಾನೆ, ಮುಖ ನೋಡಿದ ಮೇಲೆ ಓ ಅನ್ನು.

ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ನನಗೆ ಹೇಗೆ ಗೊತ್ತಾಗಬೇಕು?

"ಅವ್ವನ ಹೆಸರ ಹಿಡೀರಿ," ಎಂದರು ಅತ್ತೆ. "ಉಧೋ ಅನ್ರಿ. ದೆವ್ವದ ಬಾಯಾಗ ಆ ಹೆಸರ ಬರೂದಿಲ್ಲ. ಉಧೋ ಕೇಳಿದ ಮ್ಯಾಲ ನನ ಮಗ ಸುಮ್ಮನ ಕೂಡಾಂವ ಅಲ್ಲ."

ಹುಲಿಗಿಗೆ ಹೋದವರಿಗೆಲ್ಲ ಗೊತ್ತು, ಒಬ್ಬರು ತಾಯಿಗೆ ಉಧೋ ಎಂದು ಜೈಕಾರ ಹಾಕಿದರೆ ಕೇಳಿದವರು ಉಧೋ ಎನ್ನಲೇಬೇಕು. ಅದು ಬುದ್ಧಿ ಕೇಳಿ ಬರುವ ಮಾತಲ್ಲ, ಬಾಯಿ ತಾನಾಗಿ ಹೇಳುತ್ತದೆ. ನಾನು ಎದ್ದೆ. ಹೆಸರು ಕೂಗುವುದನ್ನು ನಿಲ್ಲಿಸಿ ಎಂದು ಬಷೀರನ ಕಾಲಿಗೆ ಬೀಳುವಂತೆ ಕೇಳಿಕೊಂಡೆ. ಅವನು ನಮ್ಮನ್ನು ಮರಗಳ ಅಂಚಿನವರೆಗೆ ಕರೆದುಕೊಂಡು ಹೋದ. ಗಂಬೂಟು ತೊಟ್ಟ ನಾವು ಹೆಂಗಸರೆಲ್ಲ ಕೈಕೈ ಹಿಡಿದು, ಮೋಡಕ್ಕೆ ಮುಖ ಕೊಟ್ಟು ಒಂದೇ ಉಸಿರಿಗೆ ಕೂಗಿದೆವು: "ಹುಲಿಗೆಮ್ಮ ತಾಯೀ, ಉಧೋ! ಉಧೋ!"

ಬಷೀರ್ ಆ ಮಾತನ್ನು ನನ್ನಿಂದ ಹೇಳಿಸಿಕೊಂಡು, ಸ್ಕೂಟರ್ ಹತ್ತಿ, ತಾನೂ "ಉಧೋ!" ಎನ್ನುತ್ತ ಮೇಲೆ ಹೋದ. ಅವನ ಪುಣ್ಯ ದೊಡ್ಡದು. ನಾವು ಕೂಗುತ್ತಲೇ ಇದ್ದೆವು. ಈ ಸಲ ಗುಡ್ಡಗಳು ನಮ್ಮ ದನಿಯನ್ನು ತಿರುಗಿಸಿ ಕೊಡಲಿಲ್ಲ. ಅದು ಹೋದದ್ದು ಹೋಗಿಯೇ ಹೋಯಿತು. ಯಾರೋ ಸೆರಗಿನಲ್ಲಿ ಇಸಿದುಕೊಂಡಂತೆ.

ಬೆಳಕು ಬೂದಿಯ ಬಣ್ಣಕ್ಕೆ ತಿರುಗಿದ ಹೊತ್ತಿಗೆ ಮೇಲಿಂದ ಸ್ಕೂಟರಿನ ಸದ್ದು ಕೇಳಿತು. ಬಷೀರನ ಬೆನ್ನಿಗೆ ಅಂಟಿಕೊಂಡು ಇವರು ಕೂತಿದ್ದರು. ಹುಬ್ಬು, ಮೀಸೆಯೆಲ್ಲ ಬಿಳಿ. ಅಷ್ಟು ಮಂದಿಯ ಮುಂದೆ ಗಂಡನನ್ನು ತಬ್ಬಿಕೊಂಡು ಅತ್ತವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ನಾಚಿಕೆಯೇನೂ ಇಲ್ಲ.

ಕೋಣೆಯಲ್ಲಿ ಕೆಂಡದ ಮುಂದೆ ಕೂತು ಬಿಸಿ ಚಹಾ ಕುಡಿದ ಮೇಲೆ ಇವರು ಮಾತಾಡಿದರು.

"ಹೆಸರ ಕೇಳಿಸ್ತು. ಇಲ್ಲಿ ನನ್ನ ಗುರತಾ ಯಾರಿಗೈತಿ? ಎಲ್ಲಾ ದಿಕ್ಕಿನಿಂದ ಕರೀಲಿಕ್ಕತ್ತಿದ್ವು. ಅವ್ವ ಹೇಳಿದ್ದು ಇದನ ಅಂತ ಬಾಯಿ ಮುಚ್ಚಿಕೊಂಡು, ಕರಿಯೋ ಕಡೆಗೆ ಬೆನ್ನ ಮಾಡಿ ನಡದೆ. ಹಿಂದ ಒಂದು ಉಧೋ ಕೇಳಿಸ್ತು."

"ನಾವ ಎಲ್ಲಾರೂ ಕೂಡಿ ಕೂಗಿದಿವಿ," ಎಂದೆ.

"ಅದು ಆಮ್ಯಾಲ, ದೂರದಿಂದ ಬಂತು. ಮೊದಲ ಬಂದದ್ದು ಒಬ್ಬಾಕಿ ದನಿ. ಸಮೀಪ ಇತ್ತು, ಬೆನ್ನ ಹತ್ರನ. ಕೂಗಲಿಲ್ಲ ಅಕಿ, ಮೆಲ್ಲಗ ಅಂದಳು. ತಿರುಗಿ ಉಧೋ ಅಂದೆ. ಯಾರೂ ಇರಲಿಲ್ಲ. ದನಿ ಬಂದ ಕಡೆಗೆ ನಡಕೋತ ಬಂದೆ, ಬಷೀರ್ ಸಿಕ್ಕ."

ನಮ್ಮಲ್ಲಿ ಯಾರೂ ಒಬ್ಬರೇ ಕೂಗಿರಲಿಲ್ಲ. ಮೆಲ್ಲಗಂತೂ ಯಾರೂ ಅಂದಿರಲಿಲ್ಲ.

ಮರುದಿನ ಆಕಾಶ ತಿಳಿಯಾಗಿತ್ತು. ಹೂತ ಸ್ಕೂಟರ್ ತರಲು ಹೋದ ಬಷೀರ್ ಬಂದವನು ಚಹಾ ಕೊಟ್ಟರೂ ಮುಟ್ಟಲಿಲ್ಲ. ಇವರ ಹೆಜ್ಜೆಗಳು ಹಿಮದ ಮೇಲೆ ಹಾಗೇ ಇದ್ದವಂತೆ. ಮುಂದೆ ಹೋಗಿ ಒಂದು ಕಡೆ ನಿಂತು, ಅಲ್ಲೇ ತಿರುಗಿದ್ದವು. ನಿಂತ ಜಾಗದ ಮುಂದೆ ಹಿಮ ನಮ್ಮ ಮನೆಯ ಕಿಟಕಿ ಮೇಲಿನ ಸಜ್ಜೆಯ ಹಾಗೆ ಚಾಚಿತ್ತು, ಕೆಳಗೆ ನೆಲವಿಲ್ಲ, ಬರಿ ಕೊಳ್ಳ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದೇ ಹೋಗಿತ್ತು. "ಹಿಂದೆ ಬೇರೆ ಯಾರ ಹೆಜ್ಜೆಯೂ ಇರಲಿಲ್ಲ, ಬೆಹೆನ್‌ಜೀ," ಎಂದ. ನಾನು ಸೆರಗಿನ ಗಂಟು ಬಿಚ್ಚಿ ಭಂಡಾರವನ್ನು ಇವರ ಹಣೆಗೆ ಹಚ್ಚಿದೆ. ಬಷೀರ್ ತಾನಾಗಿಯೇ ಅಂಗೈ ಚಾಚಿದ. ಅವನಿಗೂ ಒಂದಿಷ್ಟು ಕೊಟ್ಟೆ, ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡ.

ನಡೆದದ್ದನ್ನೆಲ್ಲ ಅತ್ತೆಗೆ ಟೂರಿನವನ ಫೋನಿನಲ್ಲಿ ಮೊದಲೇ ಹೇಳಿದ್ದೆ. ಊರು ಮುಟ್ಟಿದಾಗ ಅವರು ಬಾಗಿಲಲ್ಲೇ ಕೂತಿದ್ದರು. ಮಗನ ಕೈಕಾಲು, ಬೆರಳೆಲ್ಲ ಮುಟ್ಟಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಬಸು, ಉಧೋ ಅಂದಾಕಿ ಮುಖಾ ನೋಡಿದೇನ?"

"ಇಲ್ಲಬೇ."

"ಮುಖಾ ನೋಡದ ಓ ಅಂದಿ?"

ಇವರು ಸಣ್ಣ ಹುಡುಗನಂತೆ ತಲೆ ತಗ್ಗಿಸಿದರು. ಅತ್ತೆಯ ಕಣ್ಣಲ್ಲಿ ಅಲ್ಲಿಯವರೆಗೆ ತಡೆದಿದ್ದ ನೀರು ಇಳಿಯಿತು.

"ಹಂಗಾರ ನಡಿ, ಹುಲಿಗಿಗೆ ಹೋಗಿ ನೋಡಿ ಬಾ."

ಮೈಮೇಲಿನ ಸ್ವೆಟರ್ ಕೂಡ ತೆಗೆಯಲು ಬಿಡದೆ ಕಳಿಸಿದರು. ನಾವು ತಂದ ಚೀಲಗಳನ್ನು ಒಳಗಿಟ್ಟು ಹುಲಿಗಿಯ ಬಸ್ ಹತ್ತಿದೆವು. ತಾಯಿಗೆ ಉಡಿ ತುಂಬಿಸಿ, ನಾನು ಬೇಡಿಕೊಳ್ಳಲು ಕಣ್ಣು ಮುಚ್ಚಿದೆ. ಇವರು ಮುಚ್ಚಲಿಲ್ಲ. ಹಿಂದಿನವರು ಸರಿಯಿರಿ ಸರಿಯಿರಿ ಎಂದು ನೂಕುತ್ತಿದ್ದರೂ ಕಂಬದಂತೆ ನಿಂತು, ರೆಪ್ಪೆ ಬಡಿಯದೆ ತಾಯಿಯ ಮುಖವನ್ನು ನೋಡಿದರು. ನೋಡಿ ಮುಗಿದ ಮೇಲೆ, ಯಾರೂ ಕೂಗದಿದ್ದರೂ, ಮೆಲ್ಲಗೆ ಓ ಎಂದರು.